ಕಾಂತಮಾಮನ ಮೂರು ಜನರ ಮೇಳ

ಜುಲೈ 9, ಮಂಗಳವಾರ

ಮಾತಾಡಬಾರದು ಎಂದು ಕರ್ನೂಲಿನ ಡಾಕ್ಟರು ಹೇಳಿ ಕಳಿಸಿದ್ದಾರೆ. ಪಿಸುಮಾತೂ ಬೇಡವಂತೆ, ಅದು ಇನ್ನೂ ಕೆಟ್ಟದ್ದಂತೆ. ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ಈ ಡೈರಿ ಖಾಲಿ ಬಿದ್ದಿತ್ತು. ಯಾರಿಗಾದರೂ ಏನಾದರೂ ಹೇಳಲೇಬೇಕಲ್ಲ, ಇದಕ್ಕೇ ಹೇಳುತ್ತೇನೆ.

ಕುತ್ತಿಗೆಯ ಗಂಟು ತೆಗೆದಾಯಿತು. ಅದು ಕೆಟ್ಟ ಗಂಟಲ್ಲ ಎಂದು ಗೊತ್ತಾದ ದಿನ ಇವರು ಕಚೇರಿಗೆ ರಜೆ ಹಾಕಿ ಮಂತ್ರಾಲಯಕ್ಕೆ ಹೋಗಿ ಬಂದರು. ಆದರೆ ಆಪರೇಷನ್ ಆಗಿ ಎಚ್ಚರವಾದಾಗಿನಿಂದ ನನ್ನ ಗಂಟಲಲ್ಲಿ ಬರೀ ಗಾಳಿ. ಒಳಗಿನ ಎರಡು ತಂತುಗಳಲ್ಲಿ ಒಂದು ಅಲ್ಲಾಡುತ್ತಿಲ್ಲವಂತೆ. ಹೀಗಾಗುವುದುಂಟು, ಯಾರ ತಪ್ಪೂ ಅಲ್ಲ, ಕೆಲವು ತಿಂಗಳಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು. "ಓಪಿಕ ಪಟ್ಟಂಡಮ್ಮಾ" ಎಂದರು ಡಾಕ್ಟರು. ತಾಳ್ಮೆ ಹಿಡಿಯಬೇಕಂತೆ. ಅವರಿಗೇನು.

ಆದೋನಿಯಲ್ಲಿ ಮುಂಜಿಯಿರಲಿ, ಸೀಮಂತವಿರಲಿ, ವಿಷ್ಣುಪ್ರಿಯಾ, ಅಂದರೆ ನಾನು, ಬಂದು ಕೂತಮೇಲೇ ಹಾಡು ಶುರು. ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ ಹಾಗೇ ನಡೆದಿದೆ. ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ದಾಸರ ಪದ ಹೇಳಿಕೊಡುತ್ತಿದ್ದೆ. ಈಗ ಹಾರ್ಮೋನಿಯಂ ಮೇಲೆ ಹಳೆಯ ಪಂಚೆ ಮುಚ್ಚಿದೆ. ಹುಡುಗಿಯರೆಲ್ಲ ಪಲ್ಲವಿಯ ಮನೆಗೆ ಹೋಗುತ್ತಾರೆ. ಪಲ್ಲವಿ ನನ್ನ ಹತ್ತಿರವೇ ಕಲಿತವಳು, ಈಗ ಶಾಲೆಯಲ್ಲಿ ಟೀಚರು. ಒಳ್ಳೆಯ ಹುಡುಗಿ. ಆಕೆಯ ಮೇಲೆ ಸಿಟ್ಟು ಬರುತ್ತಿದೆ.

ಮನೆಗೆಲಸಕ್ಕೆ ಬರುವ ಮೂಕಮ್ಮ ಹೆಸರಿಗಷ್ಟೇ ಮೂಕಮ್ಮ. ಕೋಸಗಿ ಕಡೆಯವಳು. ನಾನು ಮಾತಾಡಬೇಕಾದ ಮಾತುಗಳನ್ನೂ ಸೇರಿಸಿ ಆಕೆಯೇ ಆಡುತ್ತಾಳೆ.

ಬೆಳಿಗ್ಗೆ ಬಾಗಿಲು ಹಾಕಿಕೊಂಡು ಷಡ್ಜ ಹಿಡಿಯಲು ನೋಡಿದೆ. ಬರಲಿಲ್ಲ.


ಜುಲೈ 10, ಬುಧವಾರ

ಬರಲಿಲ್ಲ.


ಜುಲೈ 16, ಮಂಗಳವಾರ

ಇವತ್ತು ಮುಂಬಯಿ ಗಾಡಿಗೆ ಕಾಂತಮಾಮ ಬಂದರು. ಕೃಷ್ಣಕಾಂತ, ನನ್ನ ಅಮ್ಮನ ಬೆನ್ನಿಗೆ ಬಿದ್ದ ತಮ್ಮ. ಅಲ್ಲಿ ಅವರಿದ್ದ ಕಟ್ಟಡವನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರಂತೆ. ಅದು ಮುಗಿಯುವ ತನಕ ಎಲ್ಲಾದರೂ ಇರಬೇಕು. ಅವರಿಗೆ ಮದುವೆಯಿಲ್ಲ, ಮಕ್ಕಳಿಲ್ಲ, ಇರುವವಳು ನಾನೊಬ್ಬಳೇ ಸೋದರಸೊಸೆ.

ಮಾಮಾನ ಕತೆ ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ಅಜ್ಜ ಕೋಸಗಿಯಲ್ಲಿ ಸಣ್ಣ ಸ್ಟೇಷನ್ ಮಾಸ್ತರರಾಗಿದ್ದು, ಆಮೇಲೆ ಗುಂತಕಲ್ಲಿಗೆ ವರ್ಗವಾದರು. ಅಲ್ಲಿ ರೈಲ್ವೆಯವರ ಕ್ಲಬ್ಬಿನಲ್ಲಿ ಒಂದು ಪಿಯಾನೊ ಇತ್ತು. ಇಂಜಿನ್ ಡ್ರೈವರೊಬ್ಬರ ಹೆಂಡತಿ ಮಾಮಾನಿಗೆ ಕಲಿಸಿದಳು. ಮೀಸೆ ಚಿಗುರುವ ಹೊತ್ತಿಗೆ ಮುಂಬಯಿಗೆ ಹೋದರು. ಹೋಟೆಲುಗಳಲ್ಲಿ ಬಾರಿಸಿದರು, ಸಿನಿಮಾ ಹಾಡುಗಳ ಹಿಂದೆ ಬಾರಿಸಿದರು. "ಕುಡಿಯೋರ ಮುಂದ ಪೆಟ್ಟಿಗಿ ಬಾರಸ್ತಾನ" ಎಂದು ಅಜ್ಜ ಅವರ ಹೆಸರೆತ್ತುವುದನ್ನೇ ಬಿಟ್ಟರು. ಅಮ್ಮ ಪ್ರತಿ ದೀಪಾವಳಿಗೂ ಉಂಡಿ ಕಟ್ಟಿ ಕಳಿಸುತ್ತಿದ್ದಳು. ಆದರೆ ಏನು ಬಾರಿಸುತ್ತೀ ಎಂದು ಆಕೆಯೂ ಕೇಳಲಿಲ್ಲ.

ಒಂದು ಸೂಟ್‌ಕೇಸು, ಒಂದು ತಗಡಿನ ಪೆಟ್ಟಿಗೆ, ಇಷ್ಟೇ ಸಾಮಾನು. ಪಿಯಾನೊ ಯಾವತ್ತೋ ಮಾರಿಬಿಟ್ಟರಂತೆ. ತೆಳ್ಳಗೆ ಉದ್ದಕ್ಕಿದ್ದಾರೆ. ಎಡಗೈ ಯಾವಾಗಲೂ ಜೇಬಿನಲ್ಲಿ. ನನಗೆ ಮಾತಿಲ್ಲ ಎಂದು ಇವರು ಸನ್ನೆ ಮಾಡಿ ತಿಳಿಸಿದರು. ಮಾಮಾ ನನ್ನ ಮುಖ ನೋಡಿ, "ಬೇಷಾತು ಪ್ರಿಯಾ. ಇಬ್ಬರೂ ಸುಮ್ನ ಕೂತ್ಕೊಂಡಿರೋಣು" ಎಂದರು.

ಇದರಲ್ಲಿ ಬೇಷಾಗುವಂಥದ್ದೇನಿದೆ?


ಜುಲೈ 28, ಭಾನುವಾರ

ಇವರ ಫೋನಿಗೆ ಹೈದರಾಬಾದಿನಿಂದ ಲಾವಣ್ಯ ಎಂಬ ಹೆಂಗಸು ಮಾಡಿದ್ದಳು. ಹಳೆಯ ರೆಕಾರ್ಡುಗಳನ್ನು ಹುಡುಕಿ ಮತ್ತೆ ಹೊರತರುವುದು ಆಕೆಯ ಕೆಲಸವಂತೆ. ಮುಂಬಯಿಯ ಹಳೆ ಸಾಮಾನಿನ ಬೀದಿಯಲ್ಲಿ ಮಾಮಾ ಬಾರಿಸಿದ ಒಂದು ರೆಕಾರ್ಡು ಸಿಕ್ಕಿದೆ. ಎಪ್ಪತ್ತೊಂಬತ್ತನೇ ಇಸವಿಯದು. ಪಿಯಾನೊ, ಬಾಸ್, ಡ್ರಮ್, ಮೂರೇ ಜನ. ಜಾಜ್ ಎನ್ನುತ್ತಾರಲ್ಲ, ಆ ಸಂಗೀತ. ಆಗ ಯಾರೂ ಕೊಳ್ಳಲಿಲ್ಲ, ಯಾವ ಪತ್ರಿಕೆಯಲ್ಲೂ ಒಂದು ಸಾಲು ಬರಲಿಲ್ಲ, ತಂದ ಕಂಪನಿಯೂ ಮುಚ್ಚಿತು. ಮುಂಬಯಿಯ ಬಿಲ್ಡಿಂಗಿನವರನ್ನು ವಿಚಾರಿಸಿ ನಮ್ಮ ಮನೆಯ ನಂಬರು ಹಿಡಿದಿದ್ದಾಳೆ.

ಇವರು ಫೋನನ್ನು ಮಾಮಾನ ಮುಂದಿಟ್ಟು ಜೋರು ಮಾಡಿದರು. ನಿಮ್ಮ ಒಪ್ಪಿಗೆ ಬೇಕು ಸರ್, ಇದು ಬಹಳ ಜನ ಕೇಳಬೇಕಾದ ಸಂಗೀತ ಎಂದು ಆಕೆ ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದಳು.

"ಅದರಾಗ ಏನೂ ಇಲ್ಲವಾ," ಎಂದರು ಮಾಮಾ ಕನ್ನಡದಲ್ಲೇ. "ಬಿಟ್ಟುಬಿಡ್ರಿ."

ಎದ್ದು ಹೋಗಿ ಕಟ್ಟೆಯ ಮೇಲೆ ಕೂತರು. ಲಾವಣ್ಯ ಮಾತ್ರ ಆ ರೆಕಾರ್ಡಿನ ಹಾಡುಗಳನ್ನು ಇವರ ಫೋನಿಗೆ ಕಳಿಸಿದಳು. ಇವರು ನನಗೆ ದಾಟಿಸಿದರು. ನನಗೆ ಯಾವ ಸಂಗೀತವೂ ಬೇಡ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ.

ಷಡ್ಜ ಬರಲಿಲ್ಲ. ಗಂಟಲಲ್ಲಿ ತೌಡು ತುಂಬಿದಂತಿದೆ.


ಆಗಸ್ಟ್ 6, ಮಂಗಳವಾರ

ಶ್ರಾವಣ ಹತ್ತಿತು. ಮೂಕಮ್ಮ ಉರುಕುಂದದ ಜಾತ್ರೆಗೆ ಹೋಗಿದ್ದಾಳೆ. ಮನೆ ಎಷ್ಟು ಸದ್ದಿಲ್ಲದಾಯಿತೆಂದರೆ ಮಧ್ಯಾಹ್ನ ಭಯವಾಯಿತು. ಫೋನು ತೆಗೆದು, ಕಿವಿಗೆ ಸಿಕ್ಕಿಸಿಕೊಂಡು, ಮಾಮಾನ ರೆಕಾರ್ಡು ಹಾಕಿದೆ.

ಇಷ್ಟವಾಗಲಿಲ್ಲ. ತಂಬೂರಿಯಿಲ್ಲ, ಸಾಹಿತ್ಯವಿಲ್ಲ. ಎಲ್ಲಿಂದ ಹೊರಟರು, ಎಲ್ಲಿಗೆ ಬಂದರು ತಿಳಿಯುವುದಿಲ್ಲ. ಪಿಯಾನೊ ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ಉಳಿದದ್ದನ್ನು ಯಾರು ಹೇಳಬೇಕು? ಬೇಸರದಿಂದ ಕಣ್ಣು ಮುಚ್ಚಿದೆ. ನಿದ್ದೆ ಬಂದಿತು.

ಕನಸಿನಲ್ಲಿ ತುಂಗಭದ್ರೆಯ ಕಾಲುವೆ. ನೀರು ಬಿಟ್ಟಿಲ್ಲ. ಕಾಲುವೆಯೊಳಗೆ ನಡೆದು ಹೋಗುತ್ತಿದ್ದೇನೆ. ಎರಡೂ ಕಡೆ ಹತ್ತಿಯ ಹೊಲ. ಅಮ್ಮ ಮುಂದೆ ಹೋಗುತ್ತಿದ್ದಾಳೆ, ತಿರುಗಿ ನೋಡುವುದಿಲ್ಲ, ಆದರೆ ನಾನು ಹಿಂದಿದ್ದೇನೆಂದು ಅವಳಿಗೆ ಗೊತ್ತಿದೆ. ಕೂಗಬೇಕೆಂದು ನನಗೆ ಅನ್ನಿಸಲೇ ಇಲ್ಲ. ಎಚ್ಚರವಾದಾಗ ಕಿವಿಯಲ್ಲಿ ಬಾಸ್ ಒಂದೇ ನಡೆಯುತ್ತಿತ್ತು. ಬಾಸ್ ಎಂದರೆ ಆಳೆತ್ತರದ ಪಿಟೀಲಿನಂಥದ್ದು, ನಿಲ್ಲಿಸಿಕೊಂಡು ಬೆರಳಿನಿಂದ ಮೀಟುತ್ತಾರೆ ಎಂದು ಇವರು ಫೋನಿನಲ್ಲಿ ಚಿತ್ರ ತೋರಿಸಿದರು.


ಆಗಸ್ಟ್ 21, ಬುಧವಾರ

ರಾಯರ ಮಠದಲ್ಲಿ ಆರಾಧನೆಯ ಸಂಜೆಯ ಕಾರ್ಯಕ್ರಮದಲ್ಲಿ ನನ್ನ ಜಾಗದಲ್ಲಿ ಪಲ್ಲವಿ ಹಾಡಿದಳು. ಹೋಗಲೇಬೇಕೆಂದು ಹೋಗಿ ಕಂಬದ ಹಿಂದೆ ಕೂತೆ. ಚೆನ್ನಾಗಿ ಹಾಡಿದಳು. "ಅಗದೀ ನಿಮ್ಮ ಹಂಗ ಹಾಡಿದ್ಳು ನೋಡ್ರಿ" ಎಂದು ಪಕ್ಕದವರು ನನ್ನ ಕೈ ಹಿಡಿದು ಹೇಳಿದರು. ನನ್ನ ಹಾಗೆ ನಾನೇ ಹಾಡಲಾರದಾಗ ಇದನ್ನೇಕೆ ಹೇಳುತ್ತಾರೆ? ಮಂಗಳಾರತಿಗೂ ನಿಲ್ಲದೆ ಬಂದುಬಿಟ್ಟೆ.

ಮನೆಯಲ್ಲಿ ಮಾಮಾ ಒಬ್ಬರೇ ಅವಲಕ್ಕಿ ಕಲಸಿಕೊಂಡು ತಿನ್ನುತ್ತಿದ್ದರು. ನಾನು ಮಾಳಿಗೆ ಹತ್ತಿ ರೆಕಾರ್ಡು ಹಾಕಿದೆ. ಕೋಟೆಗುಡ್ಡದ ಬಂಡೆಗಳ ಮೇಲೆ ಸ್ವಲ್ಪ ಬೆಳಕು ಉಳಿದಿತ್ತು.

ಮೂರನೆಯ ಹಾಡಿನಲ್ಲಿ ಹೀಗಾಗುತ್ತದೆ. ಪಿಯಾನೊ ನಿಂತುಹೋಗುತ್ತದೆ. ಬಾಸ್ ಒಂದೇ ಹೋಗುತ್ತಿರುತ್ತದೆ, ಊಟವಾದ ಮೇಲೆ ಅಂಗಳದಲ್ಲಿ ಅಡ್ಡಾಡುವವರ ಹಾಗೆ. ಡ್ರಮ್ಮಿನವನು ಕೋಲು ಬಿಟ್ಟು ಕುಂಚದಿಂದ ಸವರುತ್ತಾನೆ. ಮೊರದಲ್ಲಿ ಅಕ್ಕಿ ಕೇರಿದ ಸದ್ದು. ಪಿಯಾನೊ ಮುಗಿಯಿತು ಎಂದುಕೊಳ್ಳುತ್ತೇವೆ. ಆಗ ಒಂದೇ ಒಂದು ಸ್ವರ ಬರುತ್ತದೆ, ಅಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ದವರು 'ಹೂಂ' ಎಂದಂತೆ. ಅಷ್ಟೇ. ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಇವರು ಬಂದು ಕರೆದಾಗ ಪೂರ್ತಿ ಕತ್ತಲಾಗಿತ್ತು.


ಸೆಪ್ಟೆಂಬರ್ 8, ಭಾನುವಾರ

ಒಂದೊಂದು ಮಾತು ಆಡಬಹುದು ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದಾರೆ. ಬರುವ ದನಿ ಒಡೆದ ಮಡಕೆಯದು. ಮನೆಯವರ ಮುಂದೆ ಮಾತ್ರ ಆಡುತ್ತೇನೆ.

ಒಂದು ವಿಷಯ ಪತ್ತೆ ಮಾಡಿದೆನೆಂದು ಮೂರು ದಿನದಿಂದ ಹಿಗ್ಗಿಹೋಗಿದ್ದೆ. ರೆಕಾರ್ಡಿನ ಕೊನೆಯ ಹಾಡು ನಮ್ಮ ಅಜ್ಜಿ ಮದುವೆಯಲ್ಲಿ ಗಂಡುಹೆಣ್ಣನ್ನು ಹಸೆಗೆ ಕರೆಯುತ್ತಿದ್ದ ಹಾಡೇ ಎಂದು ನನಗನ್ನಿಸಿತ್ತು. ಮನೆ ಬಿಟ್ಟು ಹೋದ ಮಗ ತಾಯಿಯ ಹಾಡನ್ನು ಮುಂಬಯಿಯಲ್ಲಿ ಬಾರಿಸಿದ್ದಾನೆ, ಯಾರಿಗೂ ತಿಳಿದಿಲ್ಲ. ನೆನೆಸಿಕೊಂಡರೆ ಕಣ್ಣು ತುಂಬುತ್ತಿತ್ತು. ಇವತ್ತು ಧೈರ್ಯ ಮಾಡಿ ಮಾಮಾನ ಎದುರು ಫೋನು ಹಿಡಿದು, "ಅಜ್ಜಿ ಹಾಡು?" ಎಂದೆ.

ಮಾಮಾ ಸ್ವಲ್ಪ ಹೊತ್ತು ಕೇಳಿ ನಕ್ಕುಬಿಟ್ಟರು. ಬಂದಮೇಲೆ ನಕ್ಕಿದ್ದು ಇದೇ ಮೊದಲು.

"ಎಲ್ಲಿ ಹಾಡವಾ! ಕೋಸಗಿ ಸ್ಟೇಷನ್ನಿನ್ಯಾಗ ಕಂಬಿ ತುಂಡು ತೂಗುಹಾಕಿ ಗಂಟಿ ಬಡೀತಿದ್ರು. ಗಾಡಿ ಹಿಂದಿನ ಸ್ಟೇಷನ್ ಬಿಟ್ಟದ ಅಂತ. ಆ ಎರಡು ಪೆಟ್ಟಿನ ಸುತ್ತ ಕಟ್ಟಿದ್ದು ಅದು. ಅವ್ವನ ಹಾಡು ನನಗೆಲ್ಲಿ ನೆನಪದ?"

ನನಗೆ ಪೆಚ್ಚಾಯಿತು. ಆದರೂ ಬಿಡದೆ ಹಾರ್ಮೋನಿಯಂ ಮೇಲಿನ ಪಂಚೆ ತೆಗೆದು, ಬಾರಿಸಿರಿ ಎಂದು ಕೈ ತೋರಿಸಿದೆ. ನಗು ಹಾರಿಹೋಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವರು ಊಟದ ಹೊತ್ತಿಗೇ ಬಂದದ್ದು.

ಮೂಕಮ್ಮ ಪಾತ್ರೆ ತಿಕ್ಕುತ್ತ, "ಅಮ್ಮಾರೆ, ಅಡಿಗಿ ಮನ್ಯಾಗ ಏನೋ ಗುಂಯ್ ಅಂತೈತಿ ನೋಡ್ರಿ, ದಿನಾ ಕೇಳ್ತೀನಿ" ಎಂದಳು. ಫ್ರಿಜ್ ಇರಬೇಕು. ಇವರಿಗೆ ಹೇಳಿ ತೋರಿಸಬೇಕು.


ಸೆಪ್ಟೆಂಬರ್ 24, ಮಂಗಳವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಹತ್ತು ಗಂಟೆಯ ಹೊತ್ತಿಗೆ ನಾನು ಸ್ನಾನ ಮುಗಿಸಿ ಬಂದಾಗ ಮಾಮಾನ ಕೋಣೆಯಲ್ಲಿ ತಗಡಿನ ಪೆಟ್ಟಿಗೆ ಇರಲಿಲ್ಲ. ಮೂಕಮ್ಮ ಅಂಗಳ ಗುಡಿಸುತ್ತಿದ್ದಳು. ಪೆಟ್ಟಿಗೆ ಎಲ್ಲಿ ಎಂದು ಸನ್ನೆ ಮಾಡಿದೆ.

"ಮಾಮಾರು ಹಾಕಿಬಿಡು ಅಂದ್ರಲ್ರೀ. ಪಾತ ಸಾಮಾನೋನು, ಗುಜರಿಯಂವ ಬಂದಿದ್ದ, ಕೊಟ್ಟೆ. ಅದರಾಗ ಏನೈತಿ, ಬರೇ ಕಂದು ಪಟ್ಟಿ ಸುತ್ತಿದ ಚಕ್ರ. ತುಕ್ಕು ಹಿಡಿದಿತ್ತು ಪೆಟ್ಟಿಗಿ."

ಕಂದು ಪಟ್ಟಿ ಸುತ್ತಿದ ಚಕ್ರ. ಟೇಪುಗಳು! ರೆಕಾರ್ಡು ಮಾಡಿದ್ದು ಎರಡು ದಿನ, ಹೊರಬಂದದ್ದು ಒಂದು ದಿನದ್ದಷ್ಟೇ, ಉಳಿದದ್ದು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ ಎಂದು ಲಾವಣ್ಯ ಇವರಿಗೆ ಹೇಳಿದ್ದಳು. ಅದು ನಮ್ಮ ಮನೆಯ ಮಂಚದ ಕೆಳಗಿತ್ತು.

ಒದ್ದೆ ಕೂದಲಲ್ಲೇ ಓಡಿದೆ. ಚಪ್ಪಲಿ ಹಾಕಿದೆನೋ ಇಲ್ಲವೋ ನೆನಪಿಲ್ಲ. ತಳ್ಳುಗಾಡಿ ಆಗಲೇ ಜಿನ್ನಿಂಗ್ ಮಿಲ್ಲಿನ ರಸ್ತೆಗೆ ತಿರುಗುತ್ತಿತ್ತು. ಗಾಡಿಗೆ ಕಟ್ಟಿದ ಮೈಕು "ಪಾತ ಇನುಪ ಸಾಮಾನ್ಲು ಕೊಂಟಾಂ", ಹಳೆ ಕಬ್ಬಿಣ ಕೊಳ್ಳುತ್ತೇವೆ, ಎಂದು ತನ್ನಷ್ಟಕ್ಕೆ ತಾನೇ ಒದರುತ್ತಿತ್ತು. ಏ ಅಣ್ಣಾ ಎಂದು ಕೂಗಲು ಬಾಯಿ ತೆರೆದೆ. ಗಾಳಿ ಬಂತು. ಚಪ್ಪಾಳೆ ತಟ್ಟಿದೆ. ಮೈಕಿನ ಮುಂದೆ ಅದೆಲ್ಲಿ ಕೇಳಬೇಕು. ನಡುವೆ ಹತ್ತಿಯ ಲಾರಿ ಅಡ್ಡ ನಿಂತಿತು.

ಪಕ್ಕದಲ್ಲಿ ಮುಚ್ಚಿದ ಅಂಗಡಿಯ ತಗಡಿನ ಶಟರು. ಕೆಳಗೊಂದು ಕಲ್ಲು. ಎತ್ತಿಕೊಂಡು ಬಡಿದೆ. ಢಣ್, ಢಣ್. ಬೀದಿಯೆಲ್ಲ ತಿರುಗಿ ನೋಡಿತು. ವಿಷ್ಣುಪ್ರಿಯಮ್ಮ ಒದ್ದೆ ತಲೆಯಲ್ಲಿ ನಿಂತು ಅಂಗಡಿಯ ಬಾಗಿಲು ಬಡಿಯುತ್ತಿದ್ದಾಳೆ! ನಾಚಿಕೆಗೆ ಸಮಯವಿರಲಿಲ್ಲ. ಬಡಿಯುತ್ತಲೇ ಇದ್ದೆ. ಬೊರುಗುಲ ಒಗ್ಗಾಣಿ, ಅಂದರೆ ಮಂಡಕ್ಕಿ ಒಗ್ಗರಣೆ ಮಾರುವ ಗುರುಲಿಂಗಮ್ಮ ತನ್ನ ಬಾಣಲೆ ಬಿಟ್ಟೆದ್ದು, ನಾನು ಬೆರಳು ಮಾಡಿದ ಕಡೆ ನೋಡಿ, ಅಲ್ಲಿಂದಲೇ ಒಂದು ಕೂಗು ಹಾಕಿದಳು: "ಏಯ್ ಆದೆಪ್ಪಾ! ಆಗರಾ! ಅಮ್ಮಾರು ಕರೀತಾರ ನಿಲ್ಲು!"

ಗಾಡಿ ನಿಂತಿತು. ಆದೆಪ್ಪ ಪೆಟ್ಟಿಗೆಯನ್ನು ಚಕಾರವೆತ್ತದೆ ಇಳಿಸಿಕೊಟ್ಟು, ನನ್ನ ಕೂದಲಿನಿಂದ ನೀರು ಸೋರುವುದನ್ನು ನೋಡಿ, ತಾನೇ ಹೊತ್ತುಕೊಂಡು ಮನೆಯ ತನಕ ಬಂದ.

ಮಾಮಾ ಕಟ್ಟೆಯ ಮೇಲಿದ್ದರು. ಅವರ ಮುಂದೆ ಪೆಟ್ಟಿಗೆ ಇಡಿಸಿ, ಒಂದೊಂದೇ ಮಾತು ಎಂದಿದ್ದ ಡಾಕ್ಟರನ್ನು ಮರೆತು, ಬಾಯಿಗೆ ಬಂದಂತೆ ಬೈದೆ. "ನಿಮಗ ಬ್ಯಾಡಾದ್ರ ನನಗ ಬೇಕು. ಯಾರನ್ನ ಕೇಳಿ ಕೊಟ್ರಿ? ಏನಂತ ತಿಳ್ದೀರಿ? ನಾ ದಿನಾ ಇದನ್ನ ಕೇಳಿ ಬದುಕೀನಿ ಇಲ್ಲಿ!"

ಅರ್ಧ ಗಾಳಿ, ಅರ್ಧ ಗೊಗ್ಗರು. ಮೂಕಮ್ಮ ಪೊರಕೆ ಹಿಡಿದು ನಿಂತೇ ಇದ್ದಳು.


ಸೆಪ್ಟೆಂಬರ್ 25, ಬುಧವಾರ

ಬೆಳಿಗ್ಗೆ ಇವರು ಕಚೇರಿಗೆ ಹೋದ ಮೇಲೆ ಮಾಮಾ ಬಂದು ನನ್ನೆದುರು ಕೂತು, ಎಡಗೈಯನ್ನು ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟರು. ಕೊನೆಯ ಎರಡು ಬೆರಳು ಮಡಚಿ ಒಣಗಿದಂತಿವೆ. ಎರಡು ತಿಂಗಳಿಂದ ಒಂದೇ ಮನೆಯಲ್ಲಿದ್ದೇವೆ, ನಾನು ನೋಡಿಯೇ ಇರಲಿಲ್ಲ.

"ಲೋಕಲ್ ಗಾಡಿ ಬಾಗಲದಾಗ ಸಿಕ್ಕವು. ಆ ರೆಕಾರ್ಡಿನ ಹಿಂದಿನ ವರ್ಷ," ಎಂದರು. "ಅದಕ್ಕ ಮೊದಲ ನಾ ಹೆಂಗ ಬಾರಸ್ತಿದ್ದೆ ಗೊತ್ತದೇನು? ಎಡಗೈ ಅಂದ್ರ ಗೂಡ್ಸ್ ಗಾಡಿ ಹೋದಂಗ ಹೋಗ್ತಿತ್ತು. ಸಿನಿಮಾದವರು ಮನಿ ತನಕ ಕಾರು ಕಳಸ್ತಿದ್ರು. ಬೆರಳು ಹೋದಮ್ಯಾಲ ಒಂದೆರಡು ಸಲ ಕರೆದ್ರು. ಆಮ್ಯಾಲ ಕರೀಲಿಲ್ಲ."

"ಮತ್ತ ರೆಕಾರ್ಡು?"

"ಲೆಸ್ಲಿ ಬಿಡಲಿಲ್ಲ. ಗುಂತಕಲ್ಲಿನ ಗಾರ್ಡಿನ ಮಗ, ನಾವಿಬ್ಬರೂ ಕೂಡೇ ಮುಂಬಯಿಗೆ ಹೋದವರು. ದಿನಾ ಬಾಸು ಹೊತ್ಕೊಂಡು ಬಂದು ಬಾಗಲಾ ಬಡೀತಿದ್ದ. 'ನಿನ್ನ ಎಡಗೈ ಕೆಲಸ ನನಗ ಕೊಡೋ, ನಾ ಮಾಡ್ತೀನಿ. ನೀ ಬಲಗೈಲೆ ಏನರ ಒಂದು ಮಾತಾಡು ಸಾಕು' ಅಂತಿದ್ದ. ಡ್ರಮ್ಮಿಗೆ ಸೂರಿ, ಅವನೂ ಗುಂತಕಲ್ಲಿನವನ. ಸ್ಟುಡಿಯೋ ರಜಾ ಇದ್ದಾಗ ಎರಡು ದಿನ ಕೂತು ಬಾರಿಸಿದ್ವಿ. ಕುಂಟ ನಡೆದಂಗ. ಆ ಟೇಪಿನ್ಯಾಗ ಏನು ಕೇಳ್ತದ ಪ್ರಿಯಾ? ಇಲ್ಲದ ಬೆರಳು ಕೇಳ್ತಾವ. ಅದನ್ನ ಊರಿಗೆಲ್ಲ ಕೇಳಿಸಬೇಕೇನು?"

ಸುಳ್ಳು ಹೇಳಬಾರದೆಂದು ಯೋಚಿಸಿದೆ.

"ನನಗ ಕೇಳ್ಸಿಲ್ಲ ಮಾಮಾ," ಎಂದೆ. "ಬೆರಳಿಲ್ಲ ಅಂತ ಎಲ್ಲೂ ಕೇಳ್ಸಿಲ್ಲ. ನೀವು ಲೆಸ್ಲಿಯವರಿಗೆ ಜಾಗ ಬಿಟ್ಟೀರಿ ಅಂತ ತಿಳ್ಕೊಂಡಿದ್ದೆ. ಅವರು ಮಾತಾಡ್ಲಿ ಅಂತ ಕಾಯ್ತೀರಿ ಅಂತ."

ಮಾಮಾ ಗೋಡೆಯ ಕಡೆ ತಿರುಗಿ ಕೂತರು. ನಾನು ಅಡಿಗೆಮನೆಗೆ ಹೋದೆ. ಬಹಳ ಹೊತ್ತಿನ ಮೇಲೆ ಒಳಗೆ ಬಂದು ಕೆಮ್ಮಿ, "ಆ ಹುಡುಗಿಗೆ ಫೋನ್ ಮಾಡು. ಟೇಪು ತಗೊಂಡು ಹೋಗಿ ಏನದ ನೋಡ್ಲಿ. ಹೊರಗ ತರೋದು ಆಮ್ಯಾಲ ನೋಡೋಣು" ಎಂದರು.


ಅಕ್ಟೋಬರ್ 14, ಸೋಮವಾರ

ಕರ್ನೂಲಿಗೆ ಹೋಗಿದ್ದೆವು. ಡಾಕ್ಟರು ನಳಿಕೆ ಬಿಟ್ಟು ನೋಡಿದರು. ಆ ತಂತು ಅಲ್ಲಾಡುತ್ತಿಲ್ಲ, ಇನ್ನು ಅಲ್ಲಾಡುವುದು ಅನುಮಾನ, ಹಳೆಯ ದನಿ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ ಎಂದರು.

ಬಸ್ಸು ಹತ್ತುವ ಹೊತ್ತಿಗೆ ಲಾವಣ್ಯ ಎರಡನೆಯ ದಿನದ ಟೇಪಿನಿಂದ ತೆಗೆದದ್ದನ್ನು ಕಳಿಸಿದ್ದಳು! ಒಂದು ಕಿವಿಗೆ ನಾನು, ಒಂದು ಕಿವಿಗೆ ಇವರು ಸಿಕ್ಕಿಸಿಕೊಂಡು ದಾರಿಯುದ್ದಕ್ಕೂ ಕೇಳಿದೆವು. ಮೊದಲನೆಯ ದಿನದ್ದಕ್ಕಿಂತ ಇದು ಎಷ್ಟೋ ಮೇಲು. ಮೊದಲ ದಿನ ಮೂವರೂ ಅಂಜುತ್ತಿದ್ದರೆಂದು ಈಗ ತಿಳಿಯುತ್ತದೆ. ಎರಡನೆಯ ದಿನ ಲೆಸ್ಲಿ ಮುಂದೆ ಬಂದಿದ್ದಾರೆ. ಮಾಮಾ ಏನನ್ನಾದರೂ ಶುರುಮಾಡಿ ಅರ್ಧಕ್ಕೆ ಬಿಟ್ಟರೆ ಅವರು ಅದನ್ನು ಮುಗಿಸುವುದಿಲ್ಲ, ಅಲ್ಲೇ ಇರಿಸಿ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತಾರೆ. ಆಮೇಲೆ ಮಾಮಾ ಎರಡನ್ನೂ ಎತ್ತಿಕೊಳ್ಳುತ್ತಾರೆ. ಒಂದು ಹಾಡಿನ ಮಧ್ಯೆ ಯಾರೋ ನಗುತ್ತಾರೆ. ಸೂರಿಯವರಿರಬೇಕು. ಹೊರಗೆ ಮಳೆಯ ಸದ್ದೂ ಸಿಕ್ಕಿಬಿದ್ದಿದೆ. ಮುಂಬಯಿಯ ಆ ಮಳೆ ಇವತ್ತು ನಮ್ಮ ಬಸ್ಸಿನಲ್ಲಿ ಸುರಿಯುತ್ತಿದ್ದರೆ, ಕಿಟಕಿಯ ಹೊರಗೆ ಒಣ ಬಿಸಿಲು, ಬಿರಿದ ಹತ್ತಿ, ಸಾಲಾಗಿ ನಿಂತ ಆಟೋಗಳು. ಯಾವುದು ನಿಜವೆಂದು ಒಂದು ಗಳಿಗೆ ತೋಚಲಿಲ್ಲ.

ಎಮ್ಮಿಗನೂರು ದಾಟಿದ ಮೇಲೆ ನೋಡುತ್ತೇನೆ, ಇವರ ಕಣ್ಣಲ್ಲಿ ನೀರು.

"ನಿನಗ ಏನೂ ಅನ್ನಸವಲ್ದೇನು?" ಎಂದರು.

"ಅನ್ನಸ್ತದಲ್ರೀ," ಎಂದೆ. "ಅದಕ್ಕ ಮತ್ತ ಮೊದಲಿಂದ ಹಾಕೀನಿ."

ಇವರು ನನ್ನನ್ನೇ ನೋಡುತ್ತಿದ್ದರು. ಪಾಪ, ಸಂಗೀತ ಇವರಿಗೆ ಇಷ್ಟು ತಟ್ಟುತ್ತದೆಂದು ನನಗೆ ಗೊತ್ತೇ ಇರಲಿಲ್ಲ.


ನವೆಂಬರ್ 10, ಭಾನುವಾರ

ಸೂರಿಯವರು ಬಂದಿದ್ದರು! ಲಾವಣ್ಯಳೇ ಹುಡುಕಿ ತಿಳಿಸಿದ್ದು. ಗುಂತಕಲ್ಲಿನಿಂದ ಪ್ಯಾಸೆಂಜರ್ ಗಾಡಿಗೆ ಬಂದಿಳಿದರು. ಕುಳ್ಳಗೆ, ಗುಂಡಗೆ, ತಲೆಯ ಮೇಲೊಂದು ಕೂದಲಿಲ್ಲ. ಮಾಮಾ ಬಾಗಿಲಲ್ಲಿ ನಿಂತವರು ಒಂದು ಹೆಜ್ಜೆ ಮುಂದಿಡಲಾರದೆ ನಿಂತೇ ಇದ್ದರು.

"ಏನಲೇ ಕಾಂತ್ಯಾ, ಸತ್ತೀಯೋ ಬದುಕೀಯೋ ಅಂತ ತಿಳೀಲಾರ್ದಂಗ ಇದ್ದಿಯಲ್ಲೋ!" ಎಂದರು ಸೂರಿ. ಇಬ್ಬರೂ ಅಪ್ಪಿಕೊಂಡು ಹೊಸಿಲಲ್ಲೇ ಅತ್ತರು.

ಲೆಸ್ಲಿ ತೀರಿಕೊಂಡು ಹತ್ತು ವರ್ಷದ ಮೇಲಾಯಿತಂತೆ. ಕೊನೆಗೆ ಬಾಸ್ ಎತ್ತಲಾಗದಿದ್ದರೂ ಮಂಚದ ಪಕ್ಕದಲ್ಲೇ ನಿಲ್ಲಿಸಿಕೊಂಡು, ಮಲಗಿದಲ್ಲಿಂದಲೇ ಒಂದು ತಂತಿ ಮೀಟುತ್ತಿದ್ದರಂತೆ.

"ನಿನ್ನ ಸುದ್ದಿ ಕೇಳ್ತಾನೇ ಇದ್ದ," ಎಂದರು ಸೂರಿ. "ಎರಡನೇ ದಿನದ್ದು ಕೇಳ್ಬೇಕಿತ್ತು ಒಂದ್ಸಲ, ಕಾಂತನ ತಾವ ಐತಿ, ಕೊಡಂಗಿಲ್ಲ ಆ ನನ್ಮಗ ಅಂತಿದ್ದ."

ಮಾಮಾ ಕಣ್ಣುಮುಚ್ಚಿಕೊಂಡರು. ಆಮೇಲೆ ನನ್ನ ಫೋನು ಕೇಳಿ, ತಾವೇ ಲಾವಣ್ಯಳ ಜೊತೆ ಮಾತಾಡಿದರು. "ತರ್ರೀ ಅಮ್ಮಾ ಹೊರಗ. ಎರಡೂ ದಿನದ್ದು ತರ್ರಿ. ಮ್ಯಾಲ ನನ್ನ ಹೆಸರು ಹಾಕಬ್ಯಾಡ್ರಿ, ಲೆಸ್ಲಿ ಹೆಸರು ಮೊದಲ ಹಾಕ್ರಿ. ಆ ಸಲ ಅವನ ಹೆಸರ ಅಚ್ಚಾಗಿದ್ದಿಲ್ಲ."

ಊಟಕ್ಕೆ ಹೋಳಿಗೆ ಮಾಡಿದ್ದೆ. ಸೂರಿಯವರು ಎಲೆಯ ತುಂಬ ತಿಂದು, ನೆಲದ ಮೇಲೆ ತೆಲುಗು ಪೇಪರು ಹಾಸಿ, ಚೀಲದಿಂದ ತಂತಿಯ ಕುಂಚಗಳನ್ನು ತೆಗೆದು ಸವರತೊಡಗಿದರು. ಮಾಮಾ ಹಾರ್ಮೋನಿಯಂ ಕಡೆ ನೋಡಿದರು. ನಾನು ಹೋಗಿ ಗಾಳಿಯ ತಿದಿ ಬಿಚ್ಚಿಕೊಟ್ಟೆ. ಎಡಗೈ ತಿದಿಗೆ ಸರಿಯಾಗಿ ಕೂತಿತು. ಆ ಕೈಗೆ ಅಲ್ಲಿ ಬೆರಳೇ ಬೇಕಿರಲಿಲ್ಲ. ಬಲಗೈ ಒಂದು ಮಾತು ಹೇಳಿ ಸುಮ್ಮನಾಯಿತು. ಲೆಸ್ಲಿ ಇಲ್ಲದ ಜಾಗ ಹಾಗೇ ಉಳಿಯಿತು. ಇಬ್ಬರೂ ಅದನ್ನು ತುಂಬಲು ಹೋಗಲಿಲ್ಲ.

ನಾನು ಕಂಬಕ್ಕೆ ಒರಗಿ ಕೂತಿದ್ದೆ. ಮೂಕಮ್ಮ ಹೇಳಿದ್ದ ಆ ಗುಂಯ್ ಸದ್ದು ಹತ್ತಿರದಲ್ಲೇ ಎಲ್ಲೋ ಕೇಳಿಸಿತು. ಸೂರಿಯವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ನಿಲ್ಲಿಸಬ್ಯಾಡ್ರಮ್ಮಾ, ನಡೀಲಿ" ಎಂದರು. ಏನನ್ನು ಎಂದು ತಿಳಿಯಲಿಲ್ಲ. ಕಾಫಿಗೆ ನೀರಿಡಲು ಎದ್ದೆ.


ಡಿಸೆಂಬರ್ 1, ಭಾನುವಾರ

ಹತ್ತಿಯ ಸೀಜನ್ನು. ಮಿಲ್ಲುಗಳಿಂದ ಹಾರಿಬಂದ ಎಳೆಗಳು ಬೀದಿಯಲ್ಲೆಲ್ಲ ತೇಲುತ್ತವೆ. ಕಿಟಕಿಯ ಸರಳು, ತುಳಸಿ, ಒಣಹಾಕಿದ ಸೀರೆ, ಎಲ್ಲದರ ಮೇಲೂ ಬೆಳ್ಳಗೆ ಕೂತಿರುತ್ತವೆ.

ಸೂರಿಯವರು ಮತ್ತೆ ಬಂದಿದ್ದರು. ಪಲ್ಲವಿಯೂ ಬಂದಿದ್ದಳು, ಏನೋ ಕೇಳಬೇಕೆಂದು. ಏನದು ಎಂದರೆ ಆಮೇಲೆ ಹೇಳುತ್ತೇನೆಂದು ಗೋಡೆಗೆ ಒರಗಿ ಕೂತಳು. ಕುಂಚ, ಪೇಪರು, ಹಾರ್ಮೋನಿಯಂ. ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಮಾಮಾ ಒಂದು ಕಡೆ ಬಂದು ನಿಲ್ಲಿಸಿ, ನನ್ನ ಕಡೆ ನೋಡಿದರು. ಸೂರಿಯವರ ಕುಂಚ ಮಾತ್ರ ಹೋಗುತ್ತಿತ್ತು. ಮಾಮಾ ಸುಮ್ಮನೆ ಕಾಯುತ್ತಿದ್ದರು. ಒತ್ತಾಯವಿಲ್ಲ, ಅವಸರವಿಲ್ಲ.

ಆ ಜಾಗ ಖಾಲಿ ಇತ್ತು, ಅದಕ್ಕೆ ಹೋದೆ. ಷಡ್ಜ ಎಲ್ಲಿದೆ ಎಂದು ಹುಡುಕಲಿಲ್ಲ. ಪದ ಯಾವುದೂ ಹೊಳೆಯಲಿಲ್ಲ, ಬರೀ 'ಆ' ಎನ್ನುತ್ತ ಆಕಾರದಲ್ಲಿ ಕೆಳಗೆ ಕೆಳಗೆ ನಡೆದೆ. ಉಸಿರು ಬೇಗ ಮುಗಿಯುತ್ತದೆ, ಮುಗಿದಲ್ಲಿ ನಿಲ್ಲಿಸಿದೆ. ನಿಲ್ಲಿಸಿದಲ್ಲಿ ಮಾಮಾ ಒಂದು ಸ್ವರ ಇಟ್ಟರು. ಅದರ ಪಕ್ಕದಲ್ಲಿ ನಾನೊಂದು ಇಟ್ಟೆ. ಎಷ್ಟು ಹೊತ್ತು ಹೀಗಾಯಿತೋ. ಸೌತೆಕಾಯಿಯ ಹೋಳುಗಳು ತಟ್ಟೆಯಲ್ಲಿ ಹಾಗೇ ಇದ್ದವು.

ಪಲ್ಲವಿ ಫೋನಿನಲ್ಲಿ ಹಿಡಿದಿದ್ದಳಂತೆ. ಊಟವಾದ ಮೇಲೆ ಹಾಕಿದಳು. ಮೊದಲು ಕುಂಚದ ಸದ್ದು, ಆಮೇಲೆ ಹಾರ್ಮೋನಿಯಂ, ಆಮೇಲೆ ಹೆಂಗಸೊಬ್ಬಳ ದನಿ. ದಪ್ಪ ದನಿ, ಅಂಚಿನಲ್ಲಿ ಸ್ವಲ್ಪ ಹರಿದಿದೆ. ಎಲ್ಲೂ ಏರುವುದಿಲ್ಲ, ನೆಲದ ಹತ್ತಿರವೇ ನಡೆಯುತ್ತದೆ. ಇಷ್ಟು ನಿಧಾನವಾಗಿ ಹಾಡುವವರನ್ನು ಈ ಊರಿನಲ್ಲಿ ನಾನು ಕೇಳಿರಲಿಲ್ಲ. ಆಕೆ ಮುಂದಿನದನ್ನು ಎಲ್ಲಿಂದ ಎತ್ತಿಕೊಳ್ಳುತ್ತಾಳೋ ಎಂದು ಕಿವಿಗೊಟ್ಟು ಕೂತೆ. ಮುಗಿದಾಗ ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು.

"ಅಕ್ಕಾ," ಎಂದಳು ಪಲ್ಲವಿ, "ಹುಡುಗ್ಯಾರು ನಿಮ್ಮ ಹತ್ರಾನೇ ಬರ್ತೀವಿ ಅಂತಾರ. ಕಳಸ್ಲೇನು?"

"ದನಿ ಕೇಳಂಗಿಲ್ಲವಾ ಅವರಿಗೆ," ಎಂದೆ.

"ಸನೇಕ ಸರ್ದು ಕೂಡ್ತಾರ ಬಿಡ್ರಿ."

ಅದೂ ಸರಿಯೇ. ನಾಳೆ ಶಾಲೆ ಬಿಟ್ಟ ಮೇಲೆ ಬರುತ್ತಾರಂತೆ. ಬೇಗ ಎದ್ದು ಚಾಪೆಗಳನ್ನು ಕೊಡವಿ ಬಿಸಿಲಿಗೆ ಹಾಕಬೇಕು, ಹತ್ತಿಯ ಎಳೆ ಬಹಳ ಕೂತಿದೆ.